ಬ್ರೆಜಿಲ್ ಹಕ್ಕಿಯ ಗೋತ್ರ ವಿಚಾರ

ನಮ್ಮ ಚಿಕ್ಕಪ್ಪ ತುಮಕೂರು ರಸ್ತೆಯಲ್ಲಿ ಮಾಕಳಿ ದಾಟಿದರೆ ಅದೇ ವಿದೇಶ ಪ್ರವಾಸ! ಆದರೆ ಬ್ರೆಜಿಲ್ಲಿನ ಯಾವ ಹಕ್ಕಿ ಯಾವ ಗೋತ್ರದ್ದೆಂದು ಕೇಳಿ ನೋಡಿ, ನಿದ್ದೆಗಣ್ಣಿನಲ್ಲೂ ಹೇಳಿಬಿಡುತ್ತಾರೆ. ಯಶವಂತಪುರದಲ್ಲಿ ಟೈರ್ ಮಾರಿಕೊಂಡಿದ್ದವರಿಗೆ, ಅಂಗಡಿ ಮುಚ್ಚಿದ ಮೇಲೆ ಹಮ್ಮಿಂಗ್ ಬರ್ಡ್ ಹುಚ್ಚು ಹಿಡಿಯಿತು. ಯಲಹಂಕದ ಮನೆಯಲ್ಲಿ ಕೂತು ಮೊಬೈಲಿನಲ್ಲೇ ಅವುಗಳ ವಂಶಾವಳಿ ಜಾಲಾಡುತ್ತಾರೆ.

ಒಮ್ಮೆ ಪಕ್ಕದ ಮನೆಯವರು ನಮ್ಮ ದಾಸವಾಳದ ಗಿಡ ತೋರಿಸಿ, “ಸರ್, ಹಮ್ಮಿಂಗ್ ಬರ್ಡ್!” ಎಂದು ಕೂಗಿದರು.

“ಅದು ಸೂರಕ್ಕಿ ಕಣ್ರೀ. ಹಮ್ಮಿಂಗ್ ಬರ್ಡ್ ಅಮೆರಿಕ ಖಂಡ ಬಿಟ್ಟು ಬರಲ್ಲ.”

“ಇಷ್ಟು ಪುಟ್ಟ ಹಕ್ಕಿಗೂ ವೀಸಾ ಸಿಗ್ಲಿಲ್ವಾ ಸರ್?”

ಚಿಕ್ಕಪ್ಪ ಬಹಳ ದಿನ ಅವರ ಮನೆಯ ಕಾಫಿ ಮುಟ್ಟಲಿಲ್ಲ!

ಹತ್ತಿರದ ಜಾತಿಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸುವ ಜೀನಸ್ಸಿಗೆ ಅವರು ಗೋತ್ರವೆಂದೇ ಹೇಳುವುದು. ಒಂದು ಬೆಳಿಗ್ಗೆ ಕುಣಿಯುತ್ತಾ ನಾನಿದ್ದ ಅಡುಗೆಮನೆಗೆ ಬಂದರು. “ಪಾಪ ಕಣೇ, ನೋಡೋಕೆ ಮಾಸಲು, ಯಾರ ಥರಾನೂ ಇಲ್ಲ ಅಂತ ಒಂದು ಹಕ್ಕೀನ ಒಂಟಿ ಗೋತ್ರ ಮಾಡಿ ಕೂರಿಸಿದ್ರು. ಡಿಎನ್‌ಎ ನೋಡಿದ್ರೆ ಕವಲು ಬಾಲದ ಆ ನೀಲಿ ಸುಂದರಿಗೆ ಹತ್ತಿರದ ಸಂಬಂಧ! ಈಗ ಅವಳ ಯೂಪೆಟೊಮೀನಾ ಗೋತ್ರದಲ್ಲಿ ಇಬ್ಬರೇ ಇಬ್ಬರು!”

ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿದರು. “ಏನ್ ಸರ್ ವಿಶೇಷ?” ಎಂದು ಕೇಳಿದವರಿಗೆ, “ಹಕ್ಕಿಗೆ ಗೋತ್ರ ಸಿಕ್ತು” ಎಂದರು. ಅವರೆಲ್ಲ ತಿಂದು ಕೈ ಒರೆಸಿಕೊಂಡು ನನ್ನನ್ನು ಮೆಲ್ಲಗೆ ಕೇಳಿದರು: “ಯಾವಾಗಿಂದ ಹಿಂಗೆ?”

ನಗುವ ನನಗೂ ಗೋತ್ರದ ಗೋಳು ತಪ್ಪಿರಲಿಲ್ಲ ಅನ್ನಿ. ಅಪ್ಪನಿಲ್ಲದ ನಾನು ವಿಚ್ಛೇದನದ ನಂತರ ಚಿಕ್ಕಪ್ಪನ ಮನೆ ಸೇರಿದ್ದೆ. ದೇವಸ್ಥಾನದಲ್ಲಿ ಅರ್ಚನೆಯೆಂದರೆ ಭಯ. ಗಂಡನ ಗೋತ್ರ ಹೇಳಲು ಮನಸ್ಸಿಲ್ಲ. ಅಪ್ಪನದನ್ನು ಧಾರೆಯ ದಿನವೇ ಬಿಟ್ಟುಕೊಟ್ಟಾಗಿತ್ತು. ಹಾಗಾದರೆ ನಾನು ಯಾರವಳು?

ನನ್ನ ಹುಟ್ಟುಹಬ್ಬಕ್ಕೆ ಚಿಕ್ಕಪ್ಪ ಬಲವಂತವಾಗಿ ಹತ್ತಿರದ ಕೋಗಿಲು ಊರಿನ ದೇವಸ್ಥಾನಕ್ಕೆ ಎಳೆದುಕೊಂಡು ಹೋದರು. ಅರ್ಚಕರು ಹೆಸರು ಕೇಳಿದರು, ಹೇಳಿದೆ. ಗೋತ್ರ ಕೇಳಿದರು, ತಟ್ಟೆಯಲ್ಲಿದ್ದ ಹೂವು ಸರಿಮಾಡತೊಡಗಿದೆ.

“ಗೊತ್ತಿಲ್ದಿದ್ರೆ ಕಾಶ್ಯಪ ಅಂದ್ಬಿಡ್ಲಾ ಅಮ್ಮ?”

“ಆತ್ರೇಯ,” ಎಂದರು ಚಿಕ್ಕಪ್ಪ. “ನನ್ ಅಣ್ಣನ ಮಗಳು.”

“ಮದುವೆ ಆಗಿದ್ರೆ ಗಂಡನ ಮನೇದು ಹೇಳ್ಬೇಕಲ್ವಾ?”

ಕೆಟ್ಟೆ! ಇನ್ನು ಇಡೀ ಸರತಿ ಸಾಲಿಗೆ ಬ್ರೆಜಿಲ್ ಪುರಾಣ ಎಂದುಕೊಂಡೆ. ಚಿಕ್ಕಪ್ಪ ಹಕ್ಕಿಯ ಸುದ್ದಿಯನ್ನೇ ಎತ್ತಲಿಲ್ಲ.

“ನಮ್ ಹುಡುಗಿ ಸ್ವಾಮಿ. ವಾಪಸ್ ಬಂದಿದಾಳೆ. ನಮ್ದೇ ಹೇಳಿ.”

ಅರ್ಚಕರು ಒಂದು ಕ್ಷಣ ನನ್ನ ಮುಖ ನೋಡಿ, ಅಪ್ಪನ ಗೋತ್ರಕ್ಕೆ ನನ್ನ ಹೆಸರು ಸೇರಿಸಿ ಗಟ್ಟಿಯಾಗಿ ಹೇಳಿದರು. ಮದುವೆಯಾದ ಮೇಲೆ ಅವೆರಡನ್ನೂ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಎಲ್ಲರೆದುರೇ ಅತ್ತುಬಿಟ್ಟೆ.