ನಾಲ್ಕೂವರೆಗೆ ಹೆಡ್‌ಮಿಸ್ ಫೋನು

ಹೈಸ್ಕೂಲಿಗೆ ಹೆಡ್‌ಮಿಸ್ ಆಗಿ ಬಂದ ಮೇಲೆ ನನಗೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿದೆ. ನಾನು ಎಷ್ಟು ಗಂಭೀರವಾಗಿ ಕೆಲಸಕ್ಕೆ ಕೈ ಹಾಕಿದರೂ ಊರಲ್ಲಿ ಯಾರಾದರೊಬ್ಬರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ, ಅಷ್ಟರಲ್ಲಿ ಬಿ.ಪಿ. ಮಾತ್ರೆಯ ಹೊತ್ತಾಗಿರುತ್ತದೆ.

ನಮ್ಮದು ರಾಯಲ್ಪಾಡಿನ ಹತ್ತಿರದ ಸರ್ಕಾರಿ ಶಾಲೆ. ಹೋದ ವರ್ಷ ಹತ್ತನೇ ಕ್ಲಾಸಿನ ಒಬ್ಬ ಹುಡುಗ ಗಣಿತದಲ್ಲಿ ಫೇಲಾದ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಈಗಲೂ ಅಂಗಡಿ ಹಿಂದಕ್ಕೆ ಸರಿಯುತ್ತಾನೆ. ನಿಜ ಹೇಳಬೇಕೆಂದರೆ ನಾನೂ ಸರಿಯುತ್ತೇನೆ. ಹಾಗಾಗಿ ಈ ಸಲ ಒಬ್ಬರೂ ಫೇಲಾಗಬಾರದು ಅಂತ ಪಣ ತೊಟ್ಟೆ. ಮೂವತ್ತೊಂದು ಮಕ್ಕಳಲ್ಲಿ ಮೂವತ್ತು ಜನ ಹೇಗೋ ದಡ ಸೇರುತ್ತಾರೆ ಅನ್ನಿಸಿತ್ತು. ಉಳಿದವಳು ಟೊಮೆಟೊ ಬೆಳೆಯುವವರ ಮನೆಯ ಹುಡುಗಿ. ಮಿಕ್ಕಿದ್ದರಲ್ಲೆಲ್ಲ ಚುರುಕು, ಗಣಿತದ ಪೇಪರ್ ಕಂಡರೆ ಮಾತ್ರ ಕೈ ನಡುಗುತ್ತಿತ್ತು. ಅವಳಿಗೆ ಶ್ರೀನಿವಾಸಪುರದ ಕಾಲೇಜಿಗೆ ಹೋಗುವ ಆಸೆ. "ಫೇಲಾದ್ರೆ ಮನೇಲಿರ್ಲಿ, ತೋಟಕ್ಕೆ ಒಂದಾಳಾಯ್ತು" ಅಂತ ಅವರಪ್ಪ ಮೊದಲೇ ಹೇಳಿಬಿಟ್ಟಿದ್ದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ.

೧. ಹತ್ತು ನಿಯಮ

ಪೋಷಕರ ಸಭೆ ಕರೆದು ಹತ್ತು ನಿಯಮ ಓದಿದೆ. ಒಬ್ಬೊಬ್ಬರ ಹತ್ತಿರವೂ ಸಹಿ ಹಾಕಿಸಿಕೊಂಡೆ. ಮೂರನೆಯದು, ಸಂಜೆ ಆರರಿಂದ ಒಂಬತ್ತರವರೆಗೆ ಮನೆಯಲ್ಲಿ ಟಿವಿ ಹಾಕಬಾರದು. ಹುಡುಗಿಯ ಅಜ್ಜಿ ಹೆಬ್ಬೆಟ್ಟು ಒತ್ತುವ ಮುಂಚೆ ತಲೆ ಮೇಲೆ ಕೈ ಹೊತ್ತರು.

"ಮೇಡಂ, ನಿನ್ನೆ ಸೊಸೆ ಮನೆ ಬಿಟ್ಟು ಹೋಗ್ಬಿಟ್ಟವ್ಳೆ. ಇವತ್ತು ಗಂಡ ಕರ್ಕೊಂಡ್ ಬರ್ತಾನೋ ಇಲ್ವೋ."

ನಾನು ನಿಯಮದ ಹಾಳೆ ಕೆಳಗಿಟ್ಟೆ. "ಅಯ್ಯೋ ದೇವ್ರೇ! ಹುಡುಗಿ ಪರೀಕ್ಷೆ ಹೊತ್ತಲ್ಲಿ ಇದೇನಮ್ಮಾ? ಯಾಕೆ ಹೋದ್ರು ನಿಮ್ಮ ಸೊಸೆ?"

"ನನ್ ಸೊಸೆ ಇಲ್ಲೇ ಕೂತವ್ಳಲ್ಲ. ನಾನ್ ಹೇಳ್ತಿರೋದು ಸೀರಿಯಲ್ಲಲ್ಲಿ."

ಕೊನೆಗೆ ಒಂದು ರಾಜಿಯಾಯಿತು. ಅಜ್ಜಿ ಟಿವಿ ಹಾಕುವುದಿಲ್ಲ, ಆದರೆ ಮರುದಿನ ನಾನು ಕಥೆ ಹೇಳಬೇಕು. ಅವತ್ತಿನಿಂದ ನಿಯಮ ಬರೆದ ನಾನೇ ದಿನಾ ಟಿವಿ ಮುಂದೆ ಕೂತೆ. ಬೆಳಗ್ಗೆ ಪ್ರಾರ್ಥನೆ ಹೊತ್ತಿಗೆ ಅಜ್ಜಿ ಗೇಟಿನ ಹತ್ತಿರ ಹಾಜರ್. ಆ ವರ್ಷ ನಮ್ಮ ಶಾಲೆಯಲ್ಲಿ ಒಂದು ದಿನವೂ ತಪ್ಪಿಸದೆ ಬಂದವರು ಅವರೊಬ್ಬರೇ.

೨. ಎಬ್ಬಿಸುವ ಕೆಲಸ

ಮಕ್ಕಳು ಬೆಳಗಿನ ಜಾವ ಎದ್ದು ಓದಬೇಕು ಅನ್ನುವುದು ಐದನೇ ನಿಯಮ. ಎಬ್ಬಿಸುವ ಜವಾಬ್ದಾರಿ ನಾನೇ ಹೊತ್ತುಕೊಂಡು ಐದು ಗಂಟೆಗೆ ಮನೆಮನೆಗೆ ಫೋನ್ ಮಾಡತೊಡಗಿದೆ. ಹುಡುಗಿಯ ಮನೆಗೆಲ್ಲ ಒಂದೇ ಫೋನು, ಅದು ಅವರಪ್ಪನ ಜೇಬಲ್ಲಿ. ಮೊದಲ ದಿನ ಆ ಕಡೆಯಿಂದ ಲಾರಿ ಹಾರನ್ನು, ಜನರ ಗಲಾಟೆ.

"ಮಗಳನ್ನ ಎಬ್ಬಿಸಿ ಯಜಮಾನ್ರೇ!"

"ನಾನು ಕೋಲಾರದ್ ಮಂಡೀಲಿದ್ದೀನಿ ಮೇಡಂ! ಅವ್ಳು ಊರಲ್ಲವ್ಳೆ!"

"ಅದೆಲ್ಲ ಗೊತ್ತಿಲ್ಲ, ಹೇಗಾದ್ರೂ ಎಬ್ಬಿಸಿ."

ಅವರು ಪಕ್ಕದ ಮನೆಯವರಿಗೆ ಫೋನ್ ಮಾಡಿದರು. ಪಕ್ಕದ ಮನೆಯವರು ಹೋಗಿ ಬಾಗಿಲು ಬಡಿದರು. ನಾಯಿಗಳು ಬೊಗಳಿದವು. ಇಡೀ ಬೀದಿ ಎದ್ದಿತು, ಹುಡುಗಿಯೊಬ್ಬಳನ್ನು ಬಿಟ್ಟು.

ವಾರ ಕಳೆದ ಮೇಲೆ ಅಪ್ಪನೇ ಫೋನ್ ಮಾಡಿದರು. "ಮೇಡಂ, ನಾಳೆಯಿಂದ ನಾಲ್ಕೂವರೆಗೆ ಮಾಡ್ತೀರಾ? ಆವಾಗ ತ್ರೀ ಫೇಸ್ ಕರೆಂಟ್ ಬರ್ತದೆ, ಬೋರ್ ಮೋಟ್ರು ಹಾಕ್ಬೇಕು. ಮಂಡಿಗೆ ಹೋಗ್ದಿರೋ ದಿನ ಮಗಳ್ನೂ ನಾನೇ ಎಬ್ಬಿಸ್ತೀನಿ."

ಮಗಳು ಏಳುತ್ತಾಳಲ್ಲ ಅಂತ ಒಪ್ಪಿಕೊಂಡೆ. ಸುದ್ದಿ ಊರೆಲ್ಲ ಹಬ್ಬಿತು. ಒಬ್ಬರು ಹಾಲು ಕರೆಯಬೇಕು, ಒಬ್ಬರು ವೇಮಗಲ್ ಫ್ಯಾಕ್ಟರಿಯ ಬಸ್ಸು ಹಿಡಿಯಬೇಕು. ನನ್ನ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ 'ಮೋಟ್ರು', 'ಹಸು', 'ಬಸ್ಸು' ಅಂತ ಬರೆದುಕೊಂಡಿದ್ದೆ. ತಪಾಸಣೆಗೆ ಬಂದ ಅಧಿಕಾರಿ ಅದನ್ನು ನೋಡಿ, "ಮೇಡಂ, ಇವು ಯಾವ ಸಬ್ಜೆಕ್ಟು?" ಅಂದರು.

೩. ಕೊನೇ ಗ್ರೇಡು

ಪ್ರಿಪರೇಟರಿ ಪರೀಕ್ಷೆಯ ಗಣಿತದಲ್ಲಿ ಹುಡುಗಿ ಮತ್ತೆ ಫೇಲು. ಪೇಪರ್ ಹಿಡಿದುಕೊಂಡು ಮನೆಗೇ ಹೋದೆ. ಅಪ್ಪ ಚಪ್ಪರದ ಕೆಳಗೆ ಟೊಮೆಟೊ ಆರಿಸಿ ಗ್ರೇಡು ಮಾಡುತ್ತಿದ್ದರು. ಕೈ ಒರೆಸಿಕೊಂಡು ಪೇಪರನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಯಾವ್ ಗ್ರೇಡು ಮೇಡಂ?"

"ಕೊನೇದು."

"ಅಷ್ಟಕ್ಕೆ ಯಾಕ್ ಬೇಜಾರು? ನಾವೂ ಕೊನೇ ಗ್ರೇಡು ಬಿಸಾಕಲ್ಲ. ಸಾಸ್ ಮಾಡೋರು ತಗೋತಾರೆ."

"ರೀ, ನಿಮ್ಮ ಮಗಳೇನು ಸಾಸ್ ಮಾಡೋ ಹಣ್ಣಾ?" ಅಂತ ರೇಗಿಬಿಟ್ಟೆ. ಪಕ್ಕದಲ್ಲಿ ಕ್ರೇಟು ತುಂಬುತ್ತಿದ್ದ ಹುಡುಗಿ ತಲೆ ಎತ್ತಿ ನನ್ನನ್ನೇ ನೋಡಿದಳು. "ಮಿಸ್, ನಾನು ಪಾಸಾಗ್ತೀನಾ?"

"ಆಗ್ತೀಯ ಕಣೇ" ಅಂದೆ. ನನಗೇ ನಂಬಿಕೆ ಇರಲಿಲ್ಲ.

ಅಜ್ಜಿ ಬಂದು ಪಕ್ಕದಲ್ಲಿ ಕೂತರು. "ಭಯಪಡೊದ್ದಮ್ಮಾ, ಹೆದರ್ಕೋಬೇಡಿ" ಅಂತ ತೆಲುಗು ಕನ್ನಡ ಎರಡರಲ್ಲೂ ಹೇಳಿ ನನ್ನ ಬೆನ್ನು ಸವರಿದರು. "ನಿಮ್ ಮುಖ ನೋಡಿದ್ರೆ ನಮ್ಗೇ ಜ್ವರ ಬರ್ತದೆ. ಮಗು ಕೈ ನಡುಗ್ದೇ ಏನ್ ಮಾಡ್ತದೆ? ನಮ್ಗೆ ಹತ್ತು ನಿಯಮ ಕೊಟ್ರಲ್ಲ, ಹನ್ನೊಂದನೇದು ನಾನ್ ಹೇಳ್ತೀನಿ, ಬರ್ಕೊಳ್ಳಿ. ಮೇಡಂ ಹೆದರ್ಬಾರ್ದು."

ಬರೆದುಕೊಂಡೆ. ಸಹಿಯನ್ನೂ ಹಾಕಿಸಿಕೊಂಡರು.

೪. ಎಳನೀರು ಗಾಡಿ

ಸಹಿ ಹಾಕಿದ ಮೇಲೆ ಗಣಿತ ಪರೀಕ್ಷೆಯ ದಿನ ನನ್ನ ಹೆದರಿದ ಮುಖ ಹುಡುಗಿಯ ಕಣ್ಣಿಗೆ ಬೀಳುವ ಹಾಗಿಲ್ಲ. ಮನೆಯಲ್ಲಿ ಕೂರುವುದೂ ಆಗಲಿಲ್ಲ. ಪರೀಕ್ಷಾ ಕೇಂದ್ರದ ಎದುರು ಎಳನೀರು ಗಾಡಿಯ ಹಿಂದೆ ಕೊಡೆ ಅಡ್ಡ ಹಿಡಿದು ನಿಂತೆ. ಗಾಡಿಯವರಿಗೆ ಬೇಜಾರಾಗದಿರಲಿ ಅಂತ ಗಂಟೆಗೊಂದು ಎಳನೀರು ಕುಡಿದೆ. ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಬಂದರು. ಹುಡುಗಿ ನೆಟ್ಟಗೆ ಗಾಡಿಯ ಹತ್ತಿರವೇ ಬಂದಳು.

"ಹಾಲ್‌ನಲ್ಲಿ ಕಿಟಕಿ ಪಕ್ಕನೇ ಕೂತಿದ್ದೆ ಮಿಸ್. ನಿಮ್ ಕೊಡೆ ಕಾಣ್ತಾನೇ ಇತ್ತು."

"ಪೇಪರ್ ಹೇಗಿತ್ತೇ?"

"ಅದಿರ್ಲಿ. ಮಾತ್ರೆ ತಗೊಂಡ್ರಾ?"

೫. ರಿಸಲ್ಟು

ರಿಸಲ್ಟಿನ ದಿನ ಬೆಳಗ್ಗೆ ನಾಲ್ಕೂವರೆಗೆ ನನ್ನ ಫೋನೇ ಬಡಿದುಕೊಂಡಿತು. ಹುಡುಗಿ.

"ಎದ್ರಾ ಮಿಸ್?"

"ಮಲಗಿದ್ರೆ ತಾನೇ ಏಳೋದು!"

"ಹನ್ನೊಂದನೇ ನಿಯಮ ನೆನಪೈತಲ್ಲ?"

ಹತ್ತೂವರೆಗೆ ಆಫೀಸ್ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂತೆ, ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಮೂವತ್ತು ಮಕ್ಕಳೂ ಪಾಸು. ಅವಳ ನಂಬರನ್ನು ಮಾತ್ರ ಮೂರು ಸಲ ತಪ್ಪು ಒತ್ತಿದೆ. ನನ್ನ ಕೈ ಪಕ್ಕಕ್ಕೆ ಸರಿಸಿ ಅವಳೇ ಒತ್ತಿದಳು. ಅವಳ ಕೈ ನಡುಗಲಿಲ್ಲ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ನಿಂತಿತು. ಪಾಸು! ಗಣಿತದಲ್ಲಿ ಬೇಕಾದ್ದಕ್ಕಿಂತ ಸರಿಯಾಗಿ ಒಂದೇ ಒಂದು ನಂಬರ್ ಜಾಸ್ತಿ. ನಾನು ಮೇಜಿನ ಮೇಲೆ ತಲೆ ಇಟ್ಟು ಹೋ ಅಂತ ಅತ್ತೆ. ಹುಡುಗಿಯೇ ನನಗೆ ನೀರು ಕುಡಿಸಿದಳು.

ಬಾಗಿಲಲ್ಲಿ ಅವರಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರು. "ಕಾಲೇಜಿಗೆ ಸೇರಿಸ್ತೀನಿ ಮೇಡಂ. ಮಾತಂದ್ರೆ ಮಾತು" ಅಂದರು. ನನ್ನ ಹೊಟ್ಟೆ ತಣ್ಣಗಾಯಿತು. ಅವರು ಮಾತ್ರ ಹೋಗಲಿಲ್ಲ, ತಲೆ ಕೆರೆದುಕೊಳ್ಳುತ್ತಾ ಅಲ್ಲೇ ನಿಂತರು.

"ಇನ್ನೇನು ಯಜಮಾನ್ರೇ? ಹೇಳಿ."

"ಏನಿಲ್ಲ, ಮಗಳು ಪಾಸಾದ್ಲು ಅಂತ ನೀವು ಫೋನ್ ನಿಲ್ಲಿಸ್ಬಿಟ್ಟೀರಾ ಮೇಡಂ. ಕರೆಂಟು ಇನ್ನೂ ನಾಲ್ಕೂವರೆಗೇ ಬಿಡ್ತಾವ್ರೆ!"