ಕೊನೆಯ ಪುಟವಿಲ್ಲದ ಕೊಲೆಗಳು

ಹಳೆಯ ಪತ್ತೇದಾರಿ ಚಿತ್ರಕಥೆ ಪುಸ್ತಕ ಹುಡುಕುತ್ತ ತಿರುಗುವವನನ್ನು ಜನ ಹುಚ್ಚ ಅನ್ನುತ್ತಾರೆ, ಇಲ್ಲವೇ ಪೊಲೀಸ್ ಅಂದುಕೊಳ್ಳುತ್ತಾರೆ. ಚಿತ್ತಾಪುರದಲ್ಲಿ ಒಬ್ಬನೇ ಇರುವ ನಿವೃತ್ತ ಮಾಸ್ತರ ನಾನು. ವಾರಕ್ಕೊಮ್ಮೆಯಾದರೂ ಎರಡೂ ಆಗುತ್ತೇನೆ.

೧. ರದ್ದಿ ಅಂಗಡಿ

ಶಹಾಬಾದಿನ ರದ್ದಿ ಅಂಗಡಿಯಲ್ಲಿ "ಕೊಲಿ ಇರೋ ಹಳೀ ಪುಸ್ತಕ ಅದಾವೇನ್ರಿ?" ಅಂತ ಕೇಳಿದೆ.

ಅಂಗಡಿಯವ ಮೇಲಿಂದ ಕೆಳಗೆ ನೋಡಿದ. "ಯಾರ ಕೊಲಿರಿ ಸಾಬ್? ನಮಗೇನೂ ಗೊತ್ತಿಲ್ಲ ನೋಡ್ರಿ."

ಗುಡ್ಡೆಯೊಳಗಿಂದ ನಾನೇ ಒಂದು ಪುಸ್ತಕ ಎಳೆದು ತೋರಿಸಿದೆ.

"ಇದಾ? ಒಯ್ರಿ. ನಮ್ಮ ಹೆಸರು ಮಾತ್ರ ಎಲ್ಲೂ ಬರೀಬ್ಯಾಡ್ರಿ!"

೨. ಪಕ್ಕದ ಮನೆಯಾಕೆ

ನಾನು ಹುಡುಗನಾಗಿದ್ದಾಗ ವಾಡಿಯಲ್ಲಿ ಬಾಡಿಗೆ ಪುಸ್ತಕದ ಅಂಗಡಿಯೊಂದಿತ್ತು. ಒಯ್ದವರು ವಾಪಸ್ ತರಲಿ ಅಂತ ಅದರ ಮಾಲೀಕ ಕೊನೆಯ ಪುಟ ಕಿತ್ತಿಟ್ಟುಕೊಳ್ಳುತ್ತಿದ್ದ. ಪುಸ್ತಕ ಮರಳಿಸಿದರೆ, ಅಲ್ಲೇ ನಿಂತು ಕೊಲೆಗಾರ ಯಾರೆಂದು ಓದಬಹುದು. ಅಂಗಡಿ ಮುಚ್ಚಿತು, ಪುಸ್ತಕಗಳು ಊರೂರಿಗೆ ಚದುರಿದವು. ನನಗೆ ಸಿಕ್ಕ ನಲವತ್ತರಲ್ಲಿ ಒಂದಕ್ಕೂ ಕೊನೆಯ ಪುಟವಿಲ್ಲ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಇರುತ್ತಿದ್ದುದೂ ಅಲ್ಲೇ. ಆ ಹೆಸರುಗಳು ಸಿಗದೇ ಸಾಯಬಾರದು ಅನ್ನುವುದೊಂದೇ ನನ್ನ ಆಸೆ.

ಇದನ್ನು ಕೇಳಿ ಪಕ್ಕದ ಮನೆಯಾಕೆ ಗಲ್ಲಕ್ಕೆ ಕೈಯಿಟ್ಟಳು. "ಅಯ್ಯ ಮಾಸ್ತರ, ಸಿಗದಿದ್ದ ಕೊಲೆಗಾರರನ್ನೆಲ್ಲಾ ಮನ್ಯಾಗ ಇಟ್ಕೊಂಡು ಒಬ್ಬರೇ ಹೆಂಗ ಇರ್ತೀರಿ?"

ಅವರಿರುವುದಕ್ಕೇ ಇರುತ್ತೇನೆ ಅಂತ ಹೇಳಲು ನಾಚಿಕೆಯಾಯಿತು.

೩. ಚಂದಾಪುರದ ಟ್ರಂಕು

ಆ ಮಾಲೀಕ ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಇನ್ನೂ ಇದ್ದಾನೆಂದು ಮೊನ್ನೆ ತಿಳಿಯಿತು. ಪುಸ್ತಕಗಳ ಚೀಲ ಹೊತ್ತು, ಸೇಡಂನಲ್ಲಿ ಬಸ್ ಬದಲಿಸಿ ಹೋದೆ. ಬಾಡಿಗೆ ಖೋಲಿಯಲ್ಲಿ ಮುದುಕ ಒಬ್ಬನೇ ಕುಳಿತಿದ್ದ. ವಿಷಯ ಹೇಳಿದೆ. ಟ್ರಂಕು ತೆರೆದ. ಒಳಗೆ ಬರೀ ಕೊನೆಯ ಪುಟಗಳು!

"ಇಷ್ಟ್ ವರ್ಷ ಕೊಲೆಗಾರರನ್ನಷ್ಟೇ ಓದ್ಲಿಕತ್ತೀನಿ. ಯಾರನ್ನ ಕೊಂದಾರಂತ ಮರ್ತೇ ಹೋಗ್ಯಾದ" ಅಂದ.

ಆಸೆಯಿಂದ ಕೈ ಚಾಚಿದೆ. ಪಟ್ಟನೆ ಕೈಮೇಲೆ ಹೊಡೆದ. "ಮೊದಲು ಪುಸ್ತಕ ವಾಪಸ್ ಕೊಡ್ರಿ!"

ಒಂದನ್ನು ಕೊಟ್ಟೆ. ಹಾಳೆ ಹರಿದಿದೆಯೇನೋ ಅಂತ ತಿರುವಿ ನೋಡಿ, ಹುಡುಕಿ ಒಂದು ಪುಟ ಕೈಗಿತ್ತ. ಕೊಲೆಗಾರ ಯಾರೆಂದು ನಾನು ನೋಡಲೇ ಇಲ್ಲ. ಕೆಳಗೆ ಚಿತ್ರಗಾರನ ಹೆಸರಿತ್ತು. ಕಣ್ಣು ತುಂಬಿ ಬಂತು.

ಎರಡನೆಯ ಪುಸ್ತಕ ತೆಗೆಯುವಷ್ಟರಲ್ಲಿ ಮುದುಕ ಟ್ರಂಕು ಮುಚ್ಚಿ ಮೇಲೆ ಕುಳಿತುಬಿಟ್ಟ.

"ವಾರಕ್ಕ ಒಂದೇ."

"ಯಾಕ ಕಾಕಾ? ಇನ್ನಾ ಮೂವತ್ತೊಂಬತ್ತು ಅದಾವಲ್ಲ!"

"ಎಲ್ಲಾ ಒಮ್ಮೆಲೇ ಕೊಟ್ರ, ನೀವು ಮತ್ತ ಬರ್ತೀರೇನು?"