ಮೂರನೇ ಕೆಮ್ಮಿಗೆ ಆಮೆನ್

ಕ್ಹೂಂ, ಕ್ಹೂಂ. ಆ ಎರಡು ವರ್ಷಗಳನ್ನು ನೆನೆದರೆ ಮೊದಲು ಕಿವಿಗೆ ಬೀಳುವುದು ಈ ಸದ್ದು. ಚರ್ಚಿನ ಗಂಟೆಯೋ ಹಾರ್ಮೋನಿಯಮ್ಮೋ ಕೇಳಿಸಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಚೆನ್ನಾಗಿರುತ್ತಿತ್ತು. ಕೇಳಿಸುವುದು ನನ್ನದೇ ಕೆಮ್ಮು. ಅದೂ ಕಾಯಿಲೆಯದಲ್ಲ. ಮನುಷ್ಯರು ಕೆಮ್ಮುವುದರಲ್ಲಿ ಅರ್ಧಕ್ಕರ್ಧ ಆರೋಗ್ಯವಂತರ ಕೆಮ್ಮೇ ಎಂದು ನನ್ನ ಒಪೀನಿಯನ್. ಸೊಸೆ ಇರುವ ಅಡುಗೆಮನೆಗೆ ಕಾಲಿಡುವ ಮಾವ ಕೆಮ್ಮುತ್ತಾರೆ, ರಜಾ ಚೀಟಿ ಹಿಡಿದು ಸಾಹೇಬರ ಟೇಬಲ್ಲಿನ ಮುಂದೆ ನಿಂತ ಗುಮಾಸ್ತ ಕೆಮ್ಮುತ್ತಾನೆ. ನಾನು ಕೆಮ್ಮುತ್ತಿದ್ದುದು ನನ್ನ ಗಂಡನ ಪ್ರಾರ್ಥನೆ ಮುಗಿಯಲಿ ಎಂದು.

ನಮ್ಮ ಚರ್ಚಿನ ಸಭೆಯಲ್ಲಿ ರಿಟೈರಾದ ಗಂಡಹೆಂಡಿರನ್ನು ಎರಡು ವರ್ಷ ಬೇರೆ ಜಿಲ್ಲೆಗೆ ಸೇವೆಗೆ ಕಳುಹಿಸುವ ಏರ್ಪಾಡಿದೆ. ಸೀನಿಯರ್ ಮಿಷನರಿ ಕಪಲ್ ಎಂದು ಹೆಸರು. ಮಿಷನರಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಹ್ಯಾಟು, ಗಡ್ಡ, ಕುದುರೆ ಬಂದಿದ್ದರೆ ದಯವಿಟ್ಟು ಅಳಿಸಿಬಿಡಿ. ನಮ್ಮ ಬಳಿ ಇದ್ದದ್ದು ಬಿ.ಪಿ. ಮಾತ್ರೆಯ ಎರಡು ಡಬ್ಬಿ, ಒಂದು ಮೊಣಕಾಲಿನ ಬೆಲ್ಟು, ಒಂದು ಫ್ಲಾಸ್ಕು. ಮೈಸೂರಿನಿಂದ ಬಂದು ಚಿತ್ರದುರ್ಗದಲ್ಲಿ ಮಹಡಿಯ ಮೇಲೆ ಎರಡು ಕೋಣೆ ಹಿಡಿದೆವು. ಮಂಗಳವಾರ ಹಿರಿಯೂರು ಕಡೆ, ಗುರುವಾರ ಹೊಸದುರ್ಗ, ಶನಿವಾರ ಹೊಳಲ್ಕೆರೆ, ಭಾನುವಾರ ದುರ್ಗದಲ್ಲೇ. ಸಭೆಯವರ ಮನೆಗಳಿಗೆ ಹೋಗುವುದು, ಕ್ಷೇಮ ಕೇಳುವುದು, ಪೆನ್ಷನ್ ಅರ್ಜಿ ತುಂಬಿಕೊಡುವುದು, ಆಸ್ಪತ್ರೆಗೆ ಹೋಗುವವರಿಗೆ ಜೊತೆಯಾಗುವುದು, ಮಕ್ಕಳ ಇಂಗ್ಲಿಷ್ ಹೋಂವರ್ಕ್ ತಿದ್ದುವುದು, ಕೊನೆಗೊಂದು ಪ್ರಾರ್ಥನೆ ಮಾಡಿ ಎದ್ದು ಬರುವುದು, ಇಷ್ಟೇ ಕೆಲಸ. ಎದ್ದು ಬರುವುದೊಂದೇ ಕಷ್ಟವಾಗಿತ್ತು.

ಯಾಕೆಂದರೆ ಇವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಇವರ ಪ್ರಾರ್ಥನೆ ಭೂಮಂಡಲದಿಂದ ಶುರುವಾಗುತ್ತಿತ್ತು. ಮೊದಲು ಖಂಡಗಳು, ಆಮೇಲೆ ಯುದ್ಧ ನಡೆಯುತ್ತಿರುವ ದೇಶಗಳು, ಆಮೇಲೆ ಭಾರತ, ಅದರಲ್ಲಿ ನೆರೆ ಬಂದ ರಾಜ್ಯ, ಬರ ಬಂದ ರಾಜ್ಯ, ಕರ್ನಾಟಕ, ಜಿಲ್ಲೆ, ತಾಲ್ಲೂಕು, ಹೋಬಳಿ. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಆ ಮನೆಯ ಅಜ್ಜಿಯ ಮಂಡಿನೋವಿಗೆ ಬರುವಷ್ಟರಲ್ಲಿ ಅಜ್ಜಿಗೆ ಕೂತು ಕೂತೇ ಇನ್ನೊಂದು ಮಂಡಿಯೂ ಹಿಡಿದುಕೊಂಡಿರುತ್ತಿತ್ತು. ‘ಕರ್ತನಿಗೆ ಅಡ್ರೆಸ್ ಸರಿಯಾಗಿ ಹೇಳಬೇಡವೇನೇ?’ ಎನ್ನುತ್ತಿದ್ದರು. ಈಗ ನಮ್ಮ ಮನೆಯಲ್ಲಿ ಪ್ರಾರ್ಥನೆ ಬಹಳ ಬೇಗ ಮುಗಿಯುತ್ತದೆ. ಇವರು ಹೋಗಿ ಎರಡು ವರ್ಷವಾಯಿತು; ನನಗೆ ಖಂಡಗಳು ಕ್ರಮವಾಗಿ ಬರುವುದಿಲ್ಲ.

ಹೊಳಲ್ಕೆರೆಯ ಒಂದು ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಎಲ್ಲರೂ ಕಣ್ಣು ಮುಚ್ಚಿದ್ದೆವು. ಇವರು ಆಫ್ರಿಕಾದಲ್ಲಿದ್ದರು. ಹಾಲು ಉಕ್ಕಿದ ವಾಸನೆ ಬಂತು, ಆಮೇಲೆ ಸೀದ ವಾಸನೆ ಬಂತು. ಮನೆಯಾಕೆ ಸಂಕೋಚದವಳು, ಕಣ್ಣು ತೆರೆಯಲೊಲ್ಲಳು. ನಾನು ಕೆಮ್ಮಿದೆ. ಇವರು ಗಾಬರಿಯಾಗಿ ನೇರವಾಗಿ ಆಮೆನ್ ಹೇಳಿಬಿಟ್ಟರು. ಅವತ್ತು ರೂಮಿಗೆ ಬಂದ ಮೇಲೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಾಯಿತು. ಒಂದು ಕೆಮ್ಮಿಗೆ ಹೊರದೇಶ ಬಿಡಬೇಕು. ಎರಡನೆಯದಕ್ಕೆ ತಾಲ್ಲೂಕಿಗೆ ಇಳಿಯಬೇಕು. ಮೂರನೆಯದಕ್ಕೆ ಆಮೆನ್. ಕಾನ್ವೆಂಟಿನಲ್ಲಿ ನಮಗೆ ಎಲೊಕ್ಯೂಷನ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು, ‘ಗರ್ಲ್ಸ್, ದನಿ ಹೊಟ್ಟೆಯಿಂದ ಬರಬೇಕು, ಲಾಸ್ಟ್ ಬೆಂಚಿಗೆ ತಲುಪಬೇಕು’ ಎಂದು ಬೆತ್ತದಲ್ಲಿ ನಮ್ಮ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದರು. ಆ ವಿದ್ಯೆ ಅರವತ್ತು ವರ್ಷಗಳ ಮೇಲೆ ಉಪಯೋಗಕ್ಕೆ ಬಂದದ್ದು ಹೀಗೆ. ಅವರೇ ಇನ್ನೊಂದು ಪಾಠವನ್ನೂ ಹೇಳಿದ್ದರು: ಬಾಯಿಬಿಟ್ಟು ಹೇಳಿದರೆ ಮಾತ್ರ ಸುಳ್ಳಲ್ಲ, ಸುಮ್ಮನಿದ್ದರೂ ಸುಳ್ಳೇ ಎಂದು. ಆ ಪಿರಿಯಡ್‌ನಲ್ಲಿ ನಾನು ಗಮನವಿಟ್ಟಿರಲಿಲ್ಲ ಎಂದು ಕಾಣುತ್ತದೆ.

ಒಪ್ಪಂದ ಬಹಳ ಚೆನ್ನಾಗಿ ನಡೆಯಿತು. ಬಸ್ಸುಗಳು ಸಿಕ್ಕವು, ಹಾಲು ಉಳಿಯಿತು. ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಈ ಸೀಮೆಯ ಜನರ ಒಳ್ಳೆಯತನವನ್ನು. ಮೂರು ತಿಂಗಳಲ್ಲಿ ನಾಲ್ಕು ಊರಿಗೂ ನನ್ನ ಕೆಮ್ಮು ಗೊತ್ತಾಯಿತು. ಹೊಳಲ್ಕೆರೆಯಲ್ಲಿ ವೀಳ್ಯದೆಲೆಗೆ ಮೆಣಸು ಉಪ್ಪು ಇಟ್ಟು, ಎದುರಿಗೇ ಕೂತು ನುಂಗಿಸಿದರು. ಹೊಸದುರ್ಗದಲ್ಲಿ ಅರಿಶಿನದ ಹಾಲು, ದೊಡ್ಡ ಲೋಟದಲ್ಲಿ. ಹಿರಿಯೂರಿನಲ್ಲಿ ಆಡುಸೋಗೆ ಕಷಾಯ. ಅದನ್ನು ಕುಡಿದವರಿಗೆ ನಿಜವಾದ ಕೆಮ್ಮು ಬಂದರೂ ಕೆಮ್ಮುವ ಧೈರ್ಯ ಬರಲಾರದು, ಅಷ್ಟು ಕಹಿ. ನಾನು ಎಲ್ಲವನ್ನೂ ಥ್ಯಾಂಕ್ಸ್ ಹೇಳಿ ಕುಡಿದೆ. ಇವರು ಪಕ್ಕದಲ್ಲಿ ಕೂತು ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತಾ, ‘ಪೂರ್ತಿ ಕುಡಿ ಗ್ರೇಸ್’ ಎನ್ನುತ್ತಿದ್ದರು.

ಇಷ್ಟರಲ್ಲೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಹಿರಿಯೂರು ದಾರಿಯಲ್ಲಿ ಐಮಂಗಲದಲ್ಲಿ ಎಸ್ತೇರಮ್ಮ ಎಂಬ ನಮ್ಮ ಸಭೆಯ ಹೆಂಗಸಿನ ಮನೆ ಇತ್ತು. ಅವಳ ಪಕ್ಕದ ಮನೆಯವಳು ರಂಗಮ್ಮ. ಕುರಿ ಕಾಯುವ ಮನೆತನ, ಅವರ ದೇವರು ಬೇರೆ, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಮಂಗಳವಾರ ನಮ್ಮ ದನಿ ಕೇಳಿದರೆ ಗೋಡೆ ಹಿಡಿದುಕೊಂಡು ಬಂದು ಎಸ್ತೇರಮ್ಮನ ಹೊಸ್ತಿಲ ಪಕ್ಕ ಕೂರುತ್ತಿದ್ದಳು. ‘ನಿಮ್ ದೇವ್ರಿಗೆ ನೀವ್ ಹೇಳ್ರಿ ಅಯ್ನೋರೆ, ನಮ್ ದೇವ್ರಿಗೆ ನಾ ಹೇಳ್ಕಂತೀನಿ. ಕಾಫಿ ಇಬ್ರಿಗೂ ಒಂದೇ’ ಎನ್ನುವಳು. ಇವರಿಗೆ ಬಹುವಚನ, ನನಗೆ ಏಕವಚನ. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬೇಕು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿರುವುದು ಮನುಷ್ಯರೋ ಕಂಬವೋ ಎಂದು ತಿಳಿಯಲು ಮಾತಾಡಿಸಬೇಕಾಗಿತ್ತು. ಒಂದು ಸಲ ಲೈಟು ಕಂಬವನ್ನು ‘ಯಾರಪ್ಪ’ ಎಂದು ಕೇಳಿ, ಉತ್ತರ ಬಾರದೆ, ‘ಸೊಕ್ಕು ನೋಡು’ ಎಂದು ಬೈದು ಬಂದಿದ್ದಳಂತೆ. ಇದನ್ನು ಅವಳೇ ಹೇಳಿ ನಗುತ್ತಿದ್ದಳು. ಆದರೆ ಆ ಬೇಸಿಗೆಯಲ್ಲಿ ಹೈವೇಗೆ ನಡೆದುಬಿಟ್ಟಳು, ಲಾರಿಯವನು ಬ್ರೇಕು ಒತ್ತಿ ಉಳಿಸಿದ. ಅಂದಿನಿಂದ ಮಗ ಅವಳನ್ನು ಎಸ್ತೇರಮ್ಮನ ಹೊಸ್ತಿಲಿಂದಾಚೆ ಬಿಡಲಿಲ್ಲ. ಕಣ್ಣಿನ ಕ್ಯಾಂಪಿಗೆ ಬಂದಿದ್ದ ಡಾಕ್ಟರು, ‘ಪೊರೆ ಹಣ್ಣಾಗಿದೆ, ಇನ್ನು ತಡ ಮಾಡಬೇಡಿ’ ಎಂದು ಹೇಳಿ ಹೆಸರು ಬರೆದುಕೊಂಡು ಹೋದರು. ಮುಂದಿನ ಮಂಗಳವಾರ ಬೆಳಿಗ್ಗೆ ದುರ್ಗಕ್ಕೆ ಕರೆದೊಯ್ಯಲು ವ್ಯಾನು ಬರುವುದೆಂದು ಗೊತ್ತಾಯಿತು. ಹೋಗಿ ರಂಗಮ್ಮನನ್ನು ಒಪ್ಪಿಸುವ ಕೆಲಸ ನಮಗೆ ಬಂತು.

‘ನಮ್ಮಕ್ಕ ಹಿಂಗೇ ಕಣ್ಣು ಕುಯ್ಸಕೆ ಹೋಗಿ, ಇದ್ದ ಮಬ್ಬು ಬೆಳಕೂ ಕಳ್ಕಂಡು ಬಂದ್ಳು. ನಾ ಒಲ್ಲೆ’ ಎಂದಳು.

‘ಅದು ಆ ಕಾಲ ರಂಗಮ್ಮ, ಈಗ ಮೆಷಿನ್ನಲ್ಲಿ ಮಾಡ್ತಾರೆ. ಒಂದು ದಿನದ ಕೆಲಸ. ಹೆದರಬಾರದು’ ಎಂದೆ. ಎಲೊಕ್ಯೂಷನ್ ದನಿಯಲ್ಲೇ ಹೇಳಿದೆ.

‘ಯಾಕೆ ಹೆದರಬಾರ್ದು? ಕಣ್ಣು ನಂದಲ್ವ?’

ಇವರು ಒಂದು ಪ್ರಾರ್ಥನೆ ಮಾಡೋಣ ಎಂದರು. ಕಣ್ಣು ಮುಚ್ಚಿದೆವು. ಯುರೋಪ್ ಮುಗಿಯುವ ಹೊತ್ತಿಗೆ ನಾನು ಕೆಮ್ಮಿದೆ. ಕರ್ನಾಟಕದಲ್ಲಿ ಇನ್ನೊಂದು ಸಲ ಕೆಮ್ಮಿದೆ. ಮೂರನೆಯದಕ್ಕೆ ಆಮೆನ್ ಬಿತ್ತು. ಎಸ್ತೇರಮ್ಮ ಕಷಾಯಕ್ಕೆ ಎದ್ದಳು. ‘ಪಾಪ ನಮ್ಮಮ್ಮೋರಿಗೆ, ಪ್ರಾರ್ಥನೆಗೆ ಕುಂತ್ರೆ ಸಾಕು ಬಂದುಬಿಡ್ತೈತೆ. ಸೈತಾನನ ಕಾಟ’ ಎಂದಳು.

ರಂಗಮ್ಮ ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದಳು. ‘ಅಲ್ಲ ಗ್ರೇಸವ್ವ, ನಂಗೆ ಹೇಳ್ತೀಯಲ್ಲ, ನೀನು ಎದೆ ತೋರಿಸ್ಕಂಡೀಯ?’

‘ನಂದೇನಿಲ್ಲ ಬಿಡು, ಸುಮ್ಮನೆ ಕೆಮ್ಮು.’

‘ಒಂದೂವರೆ ವರ್ಷದ ಕೆಮ್ಮು ಸುಮ್ನೆ ಬರಲ್ಲ. ಎದೆ ಫೋಟ ತೆಗಿಸ್ಕಂಡು ಬಾ. ಕೈಯಾಗೆ ಮುಟ್ಟಿ ನೋಡ್ತೀನಿ. ನೀ ತೆಗಿಸಿದ್ರೆ ನಾ ವ್ಯಾನ್ ಹತ್ತುತೀನಿ. ನೀ ಇಲ್ಲ ಅಂದ್ರೆ ನನ್ನೂ ಕೇಳಬ್ಯಾಡ.’

ಅಲ್ಲಿಯೇ ನಿಜ ಹೇಳಬಹುದಾಗಿತ್ತು. ರಂಗಮ್ಮ, ಇದು ಕೆಮ್ಮಲ್ಲ, ನಮ್ಮ ಯಜಮಾನರಿಗೆ ಬ್ರೇಕು, ಎಂದರೆ ಮುಗಿಯುತ್ತಿತ್ತು. ಆದರೆ ಎಸ್ತೇರಮ್ಮ ಕಷಾಯದ ಲೋಟ ಹಿಡಿದು ಎದುರಿಗೇ ನಿಂತಿದ್ದಳು. ಒಂದೂವರೆ ವರ್ಷದಿಂದ ಸೊಪ್ಪು ಕಿತ್ತು, ಕುದಿಸಿ, ಸೋಸಿ ಕೊಟ್ಟವಳು. ನಾನು ಸಹಾಯಕ್ಕೆ ಇವರ ಕಡೆ ನೋಡಿದೆ. ಜೀವಮಾನದಲ್ಲಿ ಒಂದೂ ಸುಳ್ಳು ಹೇಳದ ಮನುಷ್ಯ ಟವೆಲ್ಲಿನಿಂದ ಕನ್ನಡಕ ಒರೆಸುತ್ತಾ, ‘ದಿಸ್ ಈಸ್ ಯುವರ್ ಡಿಪಾರ್ಟ್‌ಮೆಂಟ್, ಗ್ರೇಸ್’ ಎಂದರು.

ಮರುದಿನ ದುರ್ಗದಲ್ಲಿ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು, ಬಹಳ ಸಮಾಧಾನದ ಹುಡುಗಿ.

‘ಎಷ್ಟು ದಿನದಿಂದ ಕೆಮ್ಮು ಆಂಟಿ?’

‘ಒಂದೂವರೆ ವರ್ಷ.’

‘ಯಾವಾಗ ಜಾಸ್ತಿ?’

‘ಪ್ರಾರ್ಥನೆ ಹೊತ್ತಿಗೆ.’

‘ಧೂಪ ಹಾಕ್ತೀರಾ?’

‘ಇಲ್ಲಮ್ಮ, ನಾವು ಪ್ರಾಟೆಸ್ಟೆಂಟ್.’

ಎಕ್ಸ್‌ರೇ ತೆಗೆಸಿದರು, ರಕ್ತ ತೆಗೆದರು, ಕಫ ಪರೀಕ್ಷೆಗೆ ಒಂದು ಡಬ್ಬಿ ಕೊಟ್ಟು ಕೆಮ್ಮಿ ತನ್ನಿ ಎಂದರು. ಬಾತ್‌ರೂಮಿನಲ್ಲಿ ಕಾಲು ಗಂಟೆ ನಿಂತೆ. ಇಷ್ಟು ದಿನ ಕರೆದಾಗಲೆಲ್ಲ ಬರುತ್ತಿದ್ದ ಕೆಮ್ಮು ಅವತ್ತು ಬರಲಿಲ್ಲ. ಖಾಲಿ ಡಬ್ಬಿ ವಾಪಸ್ಸು ಕೊಟ್ಟೆ. ಎದೆ ಕ್ಲಿಯರ್, ಯಾವುದೋ ಅಲರ್ಜಿ ಇರಬಹುದು ಎಂದು ಬರೆದುಕೊಟ್ಟರು. ಇವರು ಆ ಚೀಟಿಯನ್ನು ದಾರಿಯುದ್ದಕ್ಕೂ ಓದಿಕೊಂಡು ಬಂದರು. ‘ಅಲರ್ಜಿ, ಟು ವಾಟ್?’ ಎಂದು ಒಂದು ಸಲ ಕೇಳಿದರು. ಅವತ್ತು ಊಟದ ಪ್ರಾರ್ಥನೆಯನ್ನು ಎರಡೇ ವಾಕ್ಯದಲ್ಲಿ ಮುಗಿಸಿದರು. ಅನ್ನ ತಣ್ಣಗಾಗುವುದಕ್ಕೆ ಮುಂಚೆ ಉಂಡದ್ದು ನನಗೇನೂ ಖುಷಿ ಕೊಡಲಿಲ್ಲ.

ಮಂಗಳವಾರ ವ್ಯಾನು ಬರುವುದಕ್ಕೆ ಮೊದಲೇ ಐಮಂಗಲದಲ್ಲಿದ್ದೆವು. ರಂಗಮ್ಮ ಎಕ್ಸ್‌ರೇ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ತಡವಿ, ಅಲ್ಲಾಡಿಸಿ ಗಡಗಡ ಅನ್ನಿಸಿದಳು. ‘ಇದು ನಿಂದೇನಾ?’ ಎಂದಳು. ನನ್ನದೇ ಎಂದು ಇವರು ಸಾಕ್ಷಿ ಹೇಳಿದರು. ವ್ಯಾನಿನ ಹಾರ್ನ್ ಆಯಿತು. ರಂಗಮ್ಮ ಸೆರಗು ಬಿಗಿದುಕೊಂಡು ಎದ್ದಳು. ‘ಹೋಗಾಣ ನಡಿ’ ಎಂದಳು, ಸಿಟ್ಟಿನಿಂದ. ದುರ್ಗ ಬರುವವರೆಗೂ ನನ್ನ ಕೈ ಬಿಡಲಿಲ್ಲ. ಆ ದಾರಿಯಲ್ಲಿ ನಾನು ಮಾಡಿದ ಪ್ರಾರ್ಥನೆಯಲ್ಲಿ ಖಂಡಗಳೂ ಇರಲಿಲ್ಲ, ತಾಲ್ಲೂಕೂ ಇರಲಿಲ್ಲ.

ಬಲಗಣ್ಣು ಚೆನ್ನಾಗಿ ಬಂತು. ಎರಡು ತಿಂಗಳು ಬಿಟ್ಟು ಎಡಗಣ್ಣೂ ಆಯಿತು. ಎಸ್ತೇರಮ್ಮ ಭಾನುವಾರ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳು: ಪರರ ಕಣ್ಣಿಗಾಗಿ ನಮ್ಮಮ್ಮೋರು ತಮ್ಮ ಎದೆ ತೋರಿಸಿಕೊಂಡರು, ಆ ಪ್ರೀತಿಗೆ ಅವರ ಕೆಮ್ಮೂ ವಾಸಿಯಾಯಿತು ಎಂದು. ವಾಸಿಯಾಗದೆ ಏನು ಮಾಡೀತು, ಆ ಎಕ್ಸ್‌ರೇ ಬಂದ ಮೇಲೆ ಕೆಮ್ಮುವ ಮುಖ ನನಗೆಲ್ಲಿತ್ತು? ಜನ ಬಂದು ಕೈ ಮುಗಿದರು. ನಾನು ಕೀರ್ತನೆ ಪುಸ್ತಕದಲ್ಲಿ ಒಂದೇ ಪುಟ ನೋಡುತ್ತಾ ಕೂತಿದ್ದೆ. ಇವರು ಪಕ್ಕದಿಂದ ಕೆಮ್ಮಿದರು. ಅವರಿಗೆ ಅಭ್ಯಾಸವಿರಲಿಲ್ಲ, ಬಹಳ ಕೃತಕವಾಗಿತ್ತು.

ನಮ್ಮ ಎರಡು ವರ್ಷ ಮುಗಿದ ಕೊನೆಯ ಮಂಗಳವಾರ ರಂಗಮ್ಮ ಬಸ್ ನಿಲ್ದಾಣದವರೆಗೆ ಬಂದಳು, ಯಾರ ಕೈಯನ್ನೂ ಹಿಡಿಯದೆ. ಇವರು ಬಸ್ಸು ಕೇಳಲು ಮುಂದೆ ಹೋಗಿದ್ದರು. ಈಗಲಾದರೂ ಹೇಳಿಬಿಡಬೇಕು ಎಂದು, ‘ರಂಗಮ್ಮ, ನನ್ನ ಕೆಮ್ಮು ನಿಜದ್ದಲ್ಲ’ ಎಂದೆ.

‘ಗೊತ್ತು’ ಎಂದಳು.

‘ಯಾವಾಗಿಂದ?’

‘ಮೊದ್ಲಿಂದ. ಹುಟ್ಟಿದಾಗಿಂದ ಕುರಿ ಮಧ್ಯ ಇದ್ದೀನಿ, ರೋಗದ ಕೆಮ್ಮು ಯಾವ್ದು ಅಂತ ಗೊತ್ತಾಗಲ್ವ? ಕಣ್ಣು ಹೋಗಿತ್ತು ಕಣೆ, ಕಿವಿ ನೆಟ್ಟಗೈತೆ.’

‘ಮತ್ತೆ ಎದೆ ಫೋಟ ಯಾಕೆ ಕೇಳಿದೆ?’

‘ನಂಗೆ ಕುಯ್ಸ್ಕಳಕೆ ಹೆದ್ರಿಕೆ. ಸುಳ್ ಕೆಮ್ಮೋಳು ಎಲ್ಲಿ ಫೋಟ ತೆಗಿಸ್ತಾಳೆ, ಅಲ್ಲಿಗೆ ಮಾತು ಮುಗೀತು ಅಂದ್ಕಂಡೆ. ನೀ ನೋಡಿದ್ರೆ ಹಿಡ್ಕಂಡು ಬಂದೇಬಿಟ್ಟೆ. ಎಂಥ ಗಟ್ಟಿ ಹೆಂಗ್ಸಪ್ಪ ಇವಳು ಅಂತ ಬೈಕಂಡೇ ವ್ಯಾನ್ ಹತ್ತಿದ್ದು.’ ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ದನಿ ಕೇಳಿ ಇನ್ನೂ ಚಿಕ್ಕೋಳು ಅಂದ್ಕಂಡಿದ್ದೆ’ ಎಂದಳು.

ಗಟ್ಟಿತನವಲ್ಲ ರಂಗಮ್ಮ, ನಿಜ ಹೇಳಲು ನನಗೂ ಹೆದರಿಕೆಯೇ ಆಗಿತ್ತು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ಕೈ ಬೀಸಿದೆ. ಅವಳನ್ನು ನೋಡಿದ್ದು ಅದೇ ಕೊನೆ. ಸರ್ವಿಸ್ ರೋಡಿನ ಅಂಚಿನಲ್ಲಿ, ಹಣೆಯ ಮೇಲೆ ಕೈ ಅಡ್ಡ ಹಿಡಿದು, ಅಲ್ಲಿ ನಿಂತಿದ್ದ ಲಾರಿಯ ಹಿಂಬದಿಯ ಬಣ್ಣದ ಹೂವುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ನಾನು ಬೀಸುತ್ತಲೇ ಇದ್ದೆ. ಒಂದು ಸಲವೂ ಈ ಕಡೆ ತಿರುಗಲಿಲ್ಲ.

ಇವರಿಗೆ ಆಚೆ ಸೀಟು ಸಿಕ್ಕಿತ್ತು, ಕಿಟಕಿ ಕಾಣುತ್ತಿರಲಿಲ್ಲ. ‘ಅಳ್ತಿದ್ದಾಳೇನೇ?’ ಎಂದು ಕೇಳಿದರು.

‘ತುಂಬಾ’ ಎಂದೆ.